ಕಮ್ಮಟದಿಂದ ಟೂಲ್‌ರೂಮಿಗೆ: ಬಸವಕಲ್ಯಾಣ–ಹುಮನಾಬಾದ್ ಸೀಮೆ ಮತ್ತು ಲೋಹದ ಅಚ್ಚೊತ್ತುವಿಕೆ

ಲೋಹದ ತಗಡನ್ನು ಮೇಲಿನಿಂದ ಒತ್ತುವ ಪಂಚ್ ಮತ್ತು ಕೆಳಗೆ ಕುಳಿತ ಡೈಗಳ ನಡುವೆ ಇರಿಸಿ, ಒತ್ತಡದಿಂದ ಕತ್ತರಿಸಿ, ಬಾಗಿಸಿ ಅಥವಾ ಉಬ್ಬಿಸಿ ಬಿಡಿಭಾಗ ತಯಾರಿಸುವ ವಿಧಾನವೇ ಅಚ್ಚೊತ್ತುವಿಕೆ, ಅಂದರೆ ಸ್ಟ್ಯಾಂಪಿಂಗ್. ವಾಷರ್, ಸ್ವಿಚ್ಚಿನೊಳಗಿನ ಹಿತ್ತಾಳೆ ತುಂಡು, ಮೋಟಾರಿನ ಲ್ಯಾಮಿನೇಷನ್, ಲಾರಿಯ ಬ್ರಾಕೆಟ್ ಇವೆಲ್ಲ ಹೀಗೆ ಹುಟ್ಟುತ್ತವೆ. ಪ್ರತಿ ನಕ್ಷೆಗೂ ಬೇರೆಯೇ ಡೈ ಬೇಕಾಗುವುದರಿಂದ ಈ ಕಸುಬಿನ ತಿರುಳಿರುವುದು ಡೈ ಮಾಡುವುದರಲ್ಲಿ. ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಈ ಕಸುಬಿನ ಹಳೆಯ ಮತ್ತು ಹೊಸ ರೂಪಗಳೆರಡನ್ನೂ ಬಲ್ಲವು.

ಹಳೆಯ ರೂಪ ನಾಣ್ಯದ್ದು. 11ನೇ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೇ ಸೋಮೇಶ್ವರ ಮಾನ್ಯಖೇಟದಿಂದ ರಾಜಧಾನಿಯನ್ನು ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ತಂದನು. ನಾಣ್ಯ ತಯಾರಿಸುವ ಜಾಗಕ್ಕೆ ಆಗ ಕಮ್ಮಟ, ಟಂಕಶಾಲೆ ಎಂಬ ಹೆಸರುಗಳಿದ್ದವು. ಲಕ್ಕುಂಡಿಯ ಟಂಕಶಾಲೆಯಿಂದ ಬಂದ ಲೊಕ್ಕಿಗುಂಡಿಯ (ಲಕ್ಕುಂಡಿಯ ಹಳೆಯ ಹೆಸರು) ಗದ್ಯಾಣ ಎಂಬ ಚಿನ್ನದ ನಾಣ್ಯಗಳು ಶಾಸನಗಳಲ್ಲಿ ಕಾಣುತ್ತವೆ. ಚಾಲುಕ್ಯರ ಚಿನ್ನದ ನಾಣ್ಯಗಳಲ್ಲಿ ಒಂದೊಂದು ಗುರುತನ್ನೂ ಒಂದೊಂದು ಪಂಚಿನಿಂದ ಪ್ರತ್ಯೇಕವಾಗಿ ಒತ್ತಲಾಗುತ್ತಿತ್ತು. ಆದ್ದರಿಂದ ಒಂದು ಗುರುತು ಇನ್ನೊಂದರ ಅಂಚನ್ನು ತುಳಿದಿರುವುದೂ, ಹೊಡೆತಕ್ಕೆ ನಾಣ್ಯ ಬಟ್ಟಲಿನಂತೆ ಬಾಗಿರುವುದೂ ಉಂಟು. ಮುಂದೆ ಬೀದರನ್ನು ರಾಜಧಾನಿ ಮಾಡಿಕೊಂಡ ಬಹಮನಿಗಳ ಕಾಲದ ನಾಣ್ಯಗಳಿಗೆ ಎರಡು ಅಚ್ಚು ಬಳಕೆಯಾದವು. ಕೆಳಗಿನದು ಅಲುಗದಂತೆ ಕುಳಿತಿರುತ್ತಿತ್ತು, ಮೇಲಿನದಕ್ಕೆ ಸುತ್ತಿಗೆ ಬೀಳುತ್ತಿತ್ತು, ಒಂದೇ ಹೊಡೆತಕ್ಕೆ ಎರಡೂ ಮುಖ ಮೂಡುತ್ತಿದ್ದವು. ಬೀದರಿನ ಹೆಸರುವಾಸಿ ಬಿದರಿ ಕಲೆಯ ದಾರಿ ಬೇರೆ. ಅದರಲ್ಲಿ ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಎರಕ ಹೊಯ್ದು, ಉಳಿಯಿಂದ ಕೊರೆದು, ಬೆಳ್ಳಿ ಕೂರಿಸುತ್ತಾರೆ.

ಸುತ್ತಿಗೆಯ ಜಾಗಕ್ಕೆ ಯಂತ್ರ ಬಂದಾಗ ಹೊಡೆತದ ಬಲ ಲೆಕ್ಕಕ್ಕೆ ಸಿಕ್ಕಿತು. ಕತ್ತರಿಸುವ ಅಂಚಿನ ಉದ್ದ, ತಗಡಿನ ದಪ್ಪ, ಕತ್ತರಿಸುವಿಕೆಗೆ ಲೋಹ ಒಡ್ಡುವ ತಡೆ (ಶಿಯರ್ ಸ್ಟ್ರೆಂತ್) ಈ ಮೂರನ್ನು ಗುಣಿಸಿದರೆ ಬೇಕಾದ ಬಲ ತಿಳಿಯುತ್ತದೆ. 1 ಮಿ.ಮೀ. ದಪ್ಪದ ಮೆದು ಉಕ್ಕಿನಲ್ಲಿ 20 ಮಿ.ಮೀ. ವ್ಯಾಸದ ತೂತು ಹೊಡೆಯಲು ಸುಮಾರು 2 ಟನ್ ಬಲ ಬೇಕು. ಪಂಚಿಗೂ ಡೈಗೂ ನಡುವೆ ಪ್ರತಿ ಬದಿಗೆ ಸಾಮಾನ್ಯವಾಗಿ ತಗಡಿನ ದಪ್ಪದ ಶೇ. 5ರಿಂದ 10ರಷ್ಟು ಸಂದು ಬಿಡುತ್ತಾರೆ. ಸಂದು ಅತಿಯಾದರೆ ಅಂಚಿನಲ್ಲಿ ಮುಳ್ಳು ಏಳುತ್ತದೆ, ತೀರ ಕಡಿಮೆಯಾದರೆ ಡೈ ಬೇಗ ಸವೆಯುತ್ತದೆ. ತೂತಿನ ಅಳತೆಯನ್ನು ಪಂಚ್ ನಿರ್ಧರಿಸಿದರೆ, ಕತ್ತರಿಸಿ ಬಿದ್ದ ತುಂಡಿನ ಅಳತೆಯನ್ನು ಡೈ ನಿರ್ಧರಿಸುತ್ತದೆ. ಬಾಗಿಸಿದ ಲೋಹ ಸ್ವಲ್ಪ ಹಿಂದಕ್ಕೆ ಮರಳುವುದರಿಂದ ಕೋನವನ್ನು ಮೊದಲೇ ಒಂದಿಷ್ಟು ಹೆಚ್ಚು ಬಾಗಿಸಬೇಕು. ಪ್ರೋಗ್ರೆಸಿವ್ ಟೂಲಿನಲ್ಲಿ ತಗಡಿನ ಪಟ್ಟಿ ಪ್ರತಿ ಹೊಡೆತಕ್ಕೆ ಒಂದು ಹೆಜ್ಜೆ ಮುಂದೆ ಸರಿಯುತ್ತದೆ. ತೂತು, ಬಾಗು, ಕಡಿತ ಸರದಿಯಂತೆ ಮುಗಿದು ಕೊನೆಯಲ್ಲಿ ಸಿದ್ಧ ಭಾಗ ಬೀಳುತ್ತದೆ. ಚಾಲುಕ್ಯರ ನಾಣ್ಯದಲ್ಲಿ ಗುರುತುಗಳ ನಡುವಿನ ಅಂತರ ಕೈಯ ಅಂದಾಜಿನಲ್ಲಿತ್ತು. ಇಲ್ಲಿ ಅದನ್ನು, ಮೊದಲೇ ಹೊಡೆದ ತೂತುಗಳಿಗೆ ಇಳಿದು ಪಟ್ಟಿಯನ್ನು ಸರಿಯಾದ ಜಾಗದಲ್ಲಿ ಹಿಡಿಯುವ ಪೈಲಟ್ ಪಿನ್ನುಗಳು ಕಾಯುತ್ತವೆ.

ಕರ್ನಾಟಕದಲ್ಲಿ ಈ ವಿದ್ಯೆ ಬೇರೂರಿದ್ದು ಬೆಂಗಳೂರಿನಲ್ಲಿ. 1940ರ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರ ದೂರವಾಣಿ ಕಾರ್ಖಾನೆ ಐಟಿಐ, 1953ರ ಯಂತ್ರೋಪಕರಣ ಕಾರ್ಖಾನೆ ಎಚ್‌ಎಂಟಿ ಮತ್ತು ಆಮೇಲಿನ ಕೈಗಡಿಯಾರ ಕಾರ್ಖಾನೆ ಒಂದೇ ಅಳತೆಯ ಸಣ್ಣ ಭಾಗಗಳನ್ನು ಸಾವಿರಗಟ್ಟಲೆ ಕೇಳಿದವು. ಡೈ ಮಾಡಬಲ್ಲವರ ಕೊರತೆ ನೀಗಿಸಲು 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಆರಂಭವಾಯಿತು. ಅದು ಮುಂದೆ ಜಿಲ್ಲೆಗಳಿಗೂ ಹಬ್ಬಿತು, ಹುಮನಾಬಾದಿಗೂ ಬಂದಿತು. ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಜಿಟಿಟಿಸಿ ನೀಡುವ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ 3 ವರ್ಷ ಪಾಠ ಮತ್ತು ಅಭ್ಯಾಸ, 1 ವರ್ಷ ಕಾರ್ಖಾನೆಯಲ್ಲಿ ತರಬೇತಿ. ಅರ ಹಿಡಿದು ಚೌಕ ತಿದ್ದುವುದರಿಂದ ಮೊದಲಾಗುವ ಕಲಿಕೆ, ಗಟ್ಟಿಗೊಳಿಸಿದ ಉಕ್ಕನ್ನೂ ಮೈಕ್ರಾನುಗಳ ನಿಖರತೆಯಲ್ಲಿ ಕೊರೆಯುವ ವೈರ್‌ಕಟ್ ಯಂತ್ರದವರೆಗೆ ಸಾಗುತ್ತದೆ.

ಹುಮನಾಬಾದಿಗೆ ಕೈಗಾರಿಕಾ ಪ್ರದೇಶವಿದೆ. ಪುಣೆ–ಹೈದರಾಬಾದ್ ಹೆದ್ದಾರಿ ಈ ಸೀಮೆಯನ್ನು ಹಾದುಹೋಗುತ್ತದೆ, 2017ರಿಂದ ಬೀದರ್–ಕಲಬುರಗಿ ರೈಲುಮಾರ್ಗವೂ ಇದೆ. ತಗಡು ತರಲು, ಸಿದ್ಧ ಮಾಲು ಸಾಗಿಸಲು ಬೇಕಾದ ದಾರಿಗಳಿವೆ. ಕೈ ಪಳಗಿಸುವ ಶಾಲೆಯೂ ಇದೆ. ಹೀಗೆ ಕಲಿತವರು ಕೆಲಸ ಹುಡುಕಿ ದೂರದ ನಗರಗಳಿಗೆ ಹೋಗದೆ ಇಲ್ಲಿಯೇ ನೆಲೆ ನಿಲ್ಲಬೇಕಾದರೆ, ಡೈ ಮಾಡುವ, ಸಾಣೆ ಹಿಡಿಯುವ, ರಿಪೇರಿ ಮಾಡುವ ಚಿಕ್ಕ ಟೂಲ್‌ರೂಮುಗಳು ಈ ಎರಡೂ ತಾಲ್ಲೂಕುಗಳಲ್ಲಿ ಬೆಳೆಯಬೇಕು.