ಜೋಡಿಯಾಟದ ಒಂದು ಅಂಕ

ಬ್ಯಾಡ್ಮಿಂಟನ್ ಎಂದೊಡನೆ ಕನ್ನಡಿಗರಿಗೆ ಮೊದಲು ನೆನಪಾಗುವ ಹೆಸರು ಪ್ರಕಾಶ್ ಪಡುಕೋಣೆ. 1980ರ ಆಲ್ ಇಂಗ್ಲೆಂಡ್ ಪ್ರಶಸ್ತಿ, 1983ರ ವಿಶ್ವ ಚಾಂಪಿಯನ್‌ಷಿಪ್ ಕಂಚು, ಎರಡೂ ಸಿಂಗಲ್ಸ್‌ನಲ್ಲಿ ಬಂದವು. ಡಬಲ್ಸ್ ಎಂಬುದು ಸಿಂಗಲ್ಸ್‌ನಲ್ಲಿ ಮುಂದೆ ಬರಲಾಗದವರ ಆಟವೆಂಬ ತಾತ್ಸಾರ ಈ ನಾಡಿನಲ್ಲಿ ಬಹುಕಾಲ ಉಳಿದಿತ್ತು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಎರಡನೆಯ ಪದಕ ಬರಲು 28 ವರ್ಷ ಬೇಕಾಯಿತು. ಅದನ್ನು ತಂದದ್ದು ಆ ತಾತ್ಸಾರದ ಡಬಲ್ಸೇ.

ಆಟದ ನಿಯಮಗಳು ಮೊದಲು ರೂಪುಗೊಂಡದ್ದು 1870ರ ದಶಕದಲ್ಲಿ, ಪುಣೆಯ ಬ್ರಿಟಿಷ್ ದಂಡಿನಲ್ಲಿ. 'ಪೂನಾ' ಎಂಬುದೇ ಅದರ ಹಳೆಯ ಹೆಸರು. ಪುಣೆಯಿಂದ ಬೆಂಗಳೂರಿಗೆ ಬರುವ ಹೆದ್ದಾರಿ ನಿಪ್ಪಾಣಿಯನ್ನು ಹಾದೇ ಬರುತ್ತದೆ. ಆದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆ ಕುಸ್ತಿಯ ಕೆಮ್ಮಣ್ಣಿಗೇ ಒಲಿಯಿತು. ಷಟಲ್ ಕಾಕ್ ಮಾತ್ರ ನಗರದ ಒಳಾಂಗಣಗಳನ್ನು ಹುಡುಕಿಕೊಂಡು ಹೋಯಿತು.

ಕೊಡಗು ಮೂಲದ ಅಶ್ವಿನಿ ಪೊನ್ನಪ್ಪ ಹುಟ್ಟಿದ್ದು ಬೆಂಗಳೂರಿನಲ್ಲಿ, 1989ರಲ್ಲಿ. ತಂದೆ ಹಾಕಿ ಆಟಗಾರರು. ಹೈದರಾಬಾದಿನ ಜ್ವಾಲಾ ಗುಟ್ಟಾ ಜೊತೆಗೂಡಿ ಅವರು 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಚಿನ್ನ, ಮರುವರ್ಷ ಲಂಡನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ಜ್ವಾಲಾ ಎಡಗೈ ಆಟಗಾರ್ತಿ, ಬಲೆಯ ಬಳಿ ಚುರುಕು. ಅಶ್ವಿನಿಯದು ಹಿಂದಿನಿಂದ ಬರುವ ಬಿರುಸಿನ ಸ್ಮ್ಯಾಷ್. ಜೋಡಿಯಾಟದ ಮರ್ಮ ಇರುವುದು ಇಲ್ಲಿಯೇ: ದಾಳಿಗೆ ಹೊರಟಾಗ ಒಬ್ಬರ ಹಿಂದೊಬ್ಬರು, ರಕ್ಷಣೆಗೆ ಬಿದ್ದಾಗ ಅಕ್ಕಪಕ್ಕ, ಈ ಅದಲುಬದಲು ಮಾತಿಲ್ಲದೆ, ಕ್ಷಣಾರ್ಧದಲ್ಲಿ ನಡೆಯಬೇಕು. ವರ್ಷಗಟ್ಟಲೆ ಒಟ್ಟಿಗೆ ಆಡದೆ ಅದು ಕೈಗೂಡದು.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಡಬಲ್ಸ್‌ಗೆ ಮೊದಲ ಬಾರಿಗೆ ಗುಂಪು ಹಂತ ತಂದರು. ಮೊದಲ ಪಂದ್ಯದಲ್ಲಿ ಜಪಾನಿನ ಮಿಜುಕಿ ಫುಜಿ–ರೇಕಾ ಕಾಕಿಇವಾ ಎದುರು ಭಾರತದ ಜೋಡಿಗೆ 16–21, 18–21ರ ಸೋಲು. ಮುಂದಿನ ಎರಡರಲ್ಲಿ ಚೈನೀಸ್ ತೈಪೆ, ಸಿಂಗಪುರ ಜೋಡಿಗಳ ವಿರುದ್ಧ ಗೆಲುವು. ಮೂರು ಜೋಡಿಗಳು ಎರಡೆರಡು ಗೆಲುವು ಪಡೆದು ನಿಂತಾಗ ಅಂಕಗಳ ಲೆಕ್ಕ ಶುರುವಾಯಿತು. ಒಂದೇ ಒಂದು ಅಂಕದ ಕೊರತೆಯಿಂದ ಅಶ್ವಿನಿ–ಜ್ವಾಲಾ ಹೊರಬಿದ್ದರು. ತೈಪೆ ಎದುರಿನ ಜಪಾನ್ ಸೋಲು ಸಹಜವಲ್ಲವೆಂದು ಭಾರತ ದೂರಿತು, ದೂರು ನಿಲ್ಲಲಿಲ್ಲ. ಬೇರೆ ಗುಂಪುಗಳಲ್ಲಿ ಬೇಕೆಂದೇ ಸೋಲಲು ಯತ್ನಿಸಿದ ನಾಲ್ಕು ಜೋಡಿಗಳನ್ನು ಅದೇ ಕೂಟದಿಂದ ಹೊರಹಾಕಿದ್ದರಿಂದ ಅನುಮಾನಕ್ಕೆ ಗಾಳಿ ಸಿಕ್ಕಿತ್ತು ನಿಜ. ಆದರೂ ಆ ಒಂದು ಅಂಕ ಮೊದಲ ದಿನದ ಸ್ವಂತ ಪಂದ್ಯದಲ್ಲೇ ಕೈಜಾರಿತ್ತು ಎನ್ನದೆ ವಿಧಿಯಿಲ್ಲ. ಫುಜಿ–ಕಾಕಿಇವಾ ಬೆಳ್ಳಿ ಗೆದ್ದರು. ಬ್ಯಾಡ್ಮಿಂಟನ್‌ನಲ್ಲಿ ಜಪಾನಿಗೆ ಅದು ಮೊದಲ ಒಲಿಂಪಿಕ್ ಪದಕ.

2016ರ ರಿಯೊದಲ್ಲೂ ಅಶ್ವಿನಿಯ ಗುಂಪಿನಲ್ಲಿ ಜಪಾನ್ ಜೋಡಿಯೇ ಎದುರಾಯಿತು. ಮಿಸಾಕಿ ಮತ್ಸುತೋಮೊ, ಅಯಾಕಾ ತಕಹಾಶಿ ಸೆಂಡೈ ನಗರದ ಒಂದೇ ಶಾಲೆಯಲ್ಲಿ ಕೂಡಿ ಆಡಿದವರು, ಆಮೇಲೆ ಒಂದೇ ಕಂಪನಿಯ ತಂಡ ಸೇರಿದವರು. ಫೈನಲ್‌ನ ಕೊನೆಯ ಗೇಮಿನಲ್ಲಿ 16–19 ಹಿಂದಿದ್ದ ಅವರು ಸತತ ಐದು ಅಂಕ ಗಳಿಸಿ ಚಿನ್ನ ಗೆದ್ದರು. ಡಬಲ್ಸ್ ದಂತಕಥೆ, ಕೊರಿಯಾದ ಪಾರ್ಕ್ ಜೂ-ಬಾಂಗ್ ಅವರನ್ನು 2004ರಲ್ಲಿಯೇ ಜಪಾನ್ ಕೋಚ್ ಆಗಿ ಕರೆತಂದದ್ದು ಫಲ ಕೊಟ್ಟಿತ್ತು.

ಅಶ್ವಿನಿಗೆ ಆ ಬಗೆಯ ಏರ್ಪಾಡಿನ ಆಸರೆ ಇರಲಿಲ್ಲ. ಜ್ವಾಲಾ ನಂತರ ಸಿಕ್ಕಿ ರೆಡ್ಡಿ, ಮಿಶ್ರ ಡಬಲ್ಸ್‌ಗೆ ಸಾತ್ವಿಕ್ ಸಾಯಿರಾಜ್, 2023ರಿಂದ ತನಗಿಂತ ಬಹಳ ಕಿರಿಯಳಾದ ತನಿಷಾ ಕ್ರಾಸ್ಟೊ. ಪ್ರತಿ ಸಲವೂ ಹೊಸ ಜೊತೆಗಾರರ ಹೆಜ್ಜೆ ಕಲಿಯಬೇಕು. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಭಾರತ ತಂಡದ ಚಿನ್ನದಲ್ಲಿ ಅವರ ಪಾಲೂ ಇತ್ತು.

2024ರ ಪ್ಯಾರಿಸ್‌ನಲ್ಲಿ ಅವರಿಗೆ ಮೂವತ್ತನಾಲ್ಕು ವರ್ಷ. ಗುಂಪಿನಲ್ಲಿ ಮತ್ತೆ ಜಪಾನ್: ನಾಮಿ ಮತ್ಸುಯಾಮಾ–ಚಿಹಾರು ಶಿದಾ. ಆ ಜೋಡಿ ಕಂಚು ಗೆದ್ದಿತು. ಭಾರತದ ಜೋಡಿ ಮೂರೂ ಪಂದ್ಯ ಸೋತಿತು. ಕೊನೆಯ ಪಂದ್ಯ ಮುಗಿದ ಮೇಲೆ, ಇದೇ ತಮ್ಮ ಕಡೆಯ ಒಲಿಂಪಿಕ್ಸ್ ಎಂದು ಅಶ್ವಿನಿ ಕಣ್ಣೀರಿನೊಂದಿಗೆ ಹೇಳಿದರು.