ಸಾರ್ವಜನಿಕ ವಸತಿ ಬಡಾವಣೆಗಳ ಸಹಭಾಗಿ ಇಂಧನ ನವೀಕರಣ

ಸಹಭಾಗಿ ಇಂಧನ ನವೀಕರಣ ಎಂದರೆ ಸರ್ಕಾರದ ನೆರವಿನಿಂದ ನಿರ್ಮಾಣಗೊಂಡ ಹಳೆಯ ವಸತಿ ಬಡಾವಣೆಗಳನ್ನು ಕಡಿಮೆ ಇಂಧನದಲ್ಲಿ ಹೆಚ್ಚು ನೆಮ್ಮದಿಯಿಂದ ಬಾಳಬಹುದಾದ ನೆಲೆಗಳನ್ನಾಗಿ, ಅಲ್ಲಿನ ನಿವಾಸಿಗಳ ತೀರ್ಮಾನದಂತೆ ಸುಧಾರಿಸುವ ಕ್ರಮ. ಮನೆ ಕೆಡವದೆ, ನಿವಾಸಿಗಳನ್ನು ಒಕ್ಕಲೆಬ್ಬಿಸದೆ ಛಾವಣಿ, ಗಾಳಿ, ಬೆಳಕು ಮತ್ತು ವಿದ್ಯುತ್ ಉಪಕರಣಗಳನ್ನು ಉತ್ತಮಪಡಿಸುವುದು ಇದರ ಮುಖ್ಯ ಉದ್ದೇಶ.

ಹಿನ್ನೆಲೆ

ಕರ್ನಾಟಕದಲ್ಲಿ 1970ರ ದಶಕದ ಜನತಾ ಮನೆಗಳು, ಅನಂತರದ ಆಶ್ರಯ, ಅಂಬೇಡ್ಕರ್ ಮತ್ತು ಬಸವ ವಸತಿ ಯೋಜನೆಗಳಿಂದ ಊರೂರಿನಲ್ಲಿ ಬಡಾವಣೆಗಳು ಬೆಳೆದವು. ಇಂತಹ ಯೋಜನೆಗಳ ಅನುಷ್ಠಾನಕ್ಕಾಗಿ 2000ರಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. ನಗರಗಳ ಕೊಳಚೆ ಪ್ರದೇಶಗಳ ಅಭಿವೃದ್ಧಿಗೆ 1973ರ ಕಾಯ್ದೆಯಡಿ ಪ್ರತ್ಯೇಕ ಮಂಡಳಿಯಿದೆ. ಈ ಯೋಜನೆಗಳಲ್ಲಿ ಹಳ್ಳಿಯ ಫಲಾನುಭವಿಗಳು ತಳಪಾಯ, ಗೋಡೆ, ಛಾವಣಿ ಎಂಬ ಹಂತಗಳಿಗೆ ಅನುಗುಣವಾಗಿ ಕಂತಿನ ಹಣ ಪಡೆದು ಮನೆ ಕಟ್ಟಿಕೊಳ್ಳುತ್ತಾರೆ. ಮನೆ ಪೂರ್ಣಗೊಂಡೊಡನೆ ಕಂತುಗಳೂ ಮುಗಿಯುವುದರಿಂದ, ಮುಂದೆ ಛಾವಣಿ ಸೋರಿದರೆ ಅಥವಾ ಕೋಣೆ ಕಾದರೆ ಅದರ ಹೊಣೆ ನಿವಾಸಿಗಳದೇ ಆಗುತ್ತದೆ.

ಕಾನೂನಿನ ಅವಕಾಶ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಡಿ ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳಿವೆ. ಫಲಾನುಭವಿಗಳ ಆಯ್ಕೆಯಲ್ಲಿ ಈ ಸಭೆಗಳಿಗೆ ಪಾತ್ರವಿದೆ. ಇದೇ ಸಭೆಗಳಲ್ಲಿ ಹಳೆಯ ಮನೆಗಳ ಸ್ಥಿತಿಯನ್ನೂ ಚರ್ಚಿಸಿ ಪಂಚಾಯತಿಯ ವಾರ್ಷಿಕ ಯೋಜನೆಗೆ ಸೇರಿಸಲು ಅವಕಾಶವಿದೆ. ಭಾಗವಹಿಸುವಿಕೆ ಎಂಬ ಪದಕ್ಕೆ ಹಲವು ಮಟ್ಟಗಳಿವೆ. ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ಇದನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ನಿರೂಪಿಸಿದರು. ಮಾಹಿತಿ ನೀಡುವುದು ಮತ್ತು ಅಭಿಪ್ರಾಯ ಕೇಳುವುದು ಅದರ ನಡುವಿನ ಮೆಟ್ಟಿಲುಗಳಾದರೆ, ನಿರ್ಧಾರದ ಅಧಿಕಾರ ಜನರ ಕೈಗೆ ಬರುವುದು ಮೇಲಿನ ಮೆಟ್ಟಿಲುಗಳಲ್ಲಿ ಮಾತ್ರ.

ಕರಾವಳಿಯ ಸಂದರ್ಭ

ಉತ್ತರ ಕನ್ನಡದ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳು ಬಿಸಿ ಮತ್ತು ತೇವದ ಹವೆಯ ವಲಯಕ್ಕೆ ಸೇರುತ್ತವೆ. ಕುಮಟಾ–ಶಿರಸಿ ರಸ್ತೆಯಲ್ಲಿರುವ ಕತಗಾಲದಂತಹ ಘಟ್ಟದ ಬುಡದ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರಿ ಮಳೆಯಾಗುತ್ತದೆ. ಈ ಹವೆಗೆ ಕೆಂಪುಕಲ್ಲಿನ ಗೋಡೆ, ಇಳಿಜಾರಾದ ಹಂಚಿನ ಮಾಡು ಮತ್ತು ಜಗಲಿಯಿರುವ ಮನೆಗಳು ಒಗ್ಗಿದ್ದವು. ಸಮತಟ್ಟಾದ ಕಾಂಕ್ರೀಟ್ ಸ್ಲ್ಯಾಬು ಬೇಸಿಗೆಯಲ್ಲಿ ಹಗಲಿಡೀ ಕಾದು ರಾತ್ರಿ ಕೋಣೆಯೊಳಗೆ ಶಾಖ ಬಿಡುತ್ತದೆ. ಮಳೆಗಾಲದಲ್ಲಿ ಸೋರುವ ಸಂಭವವೂ ಹೆಚ್ಚು. ಆದ್ದರಿಂದಲೇ ಕರಾವಳಿಯಲ್ಲಿ ಜನ ಸ್ಲ್ಯಾಬಿನ ಮೇಲೆ ಹಂಚಿನ ಅಥವಾ ತಗಡಿನ ಇನ್ನೊಂದು ಮಾಡು ಹಾಕಿಕೊಳ್ಳುವುದು ಸಾಮಾನ್ಯ. ಇದು ಮಳೆಯನ್ನು ತಡೆದು, ಸ್ಲ್ಯಾಬಿಗೆ ನೆರಳು ನೀಡಿ, ಬಟ್ಟೆ ಒಣಗಿಸಲು ಮತ್ತು ಕಟ್ಟಿಗೆ ಇಡಲು ಜಾಗವನ್ನೂ ಒದಗಿಸುತ್ತದೆ. ನಿವಾಸಿಗಳೇ ಕಂಡುಕೊಂಡ ಇಂತಹ ಪರಿಹಾರಗಳನ್ನು ಗುರುತಿಸುವುದು ಸಹಭಾಗಿ ಯೋಜನೆಯ ಮೊದಲ ಕೆಲಸ.

ಇಂಧನ ದಕ್ಷತಾ ಬ್ಯೂರೋ ಪ್ರಕಟಿಸಿದ ಇಕೋ ನಿವಾಸ್ ಸಂಹಿತಾ 2018ರ ಪ್ರಕಾರ, ಈ ವಲಯದಲ್ಲಿ ತೆರೆಯಬಹುದಾದ ಕಿಟಕಿ ಮುಂತಾದವುಗಳ ವಿಸ್ತೀರ್ಣವು ನೆಲದ ವಿಸ್ತೀರ್ಣದ ಶೇ. 16.66ರಷ್ಟಾದರೂ ಇರಬೇಕು. ಸಂಹಿತೆಯು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ವಸತಿ ಕಟ್ಟಡಗಳನ್ನು ಉದ್ದೇಶಿಸಿದ್ದರೂ, ಸಣ್ಣ ಮನೆಗಳಿಗೆ ಈ ಅಳತೆ ಮಾರ್ಗದರ್ಶಿಯಾಗಬಲ್ಲದು.

ಹಂತಗಳು

ಮನೆ ಮನೆಯ ಸಮೀಕ್ಷೆ, ವಿದ್ಯುತ್ ಬಿಲ್ಲಿನ ಪರಿಶೀಲನೆ, ಆದ್ಯತೆಗಳ ಪಟ್ಟಿ, ಒಂದೆರಡು ಮನೆಗಳಲ್ಲಿ ಪ್ರಯೋಗ, ಫಲಿತಾಂಶ ನೋಡಿ ಸಭೆಯಲ್ಲಿ ತೀರ್ಮಾನ, ಕಾಮಗಾರಿಯ ಮೇಲ್ವಿಚಾರಣೆ ಎಂಬುದು ಸಾಮಾನ್ಯ ಅನುಕ್ರಮ. ಕಡಿಮೆ ಖರ್ಚಿನ ಬದಲಾವಣೆಗಳಿಗೆ ಮೊದಲ ಸ್ಥಾನ ದೊರೆಯುತ್ತದೆ. ದಿನಕ್ಕೆ 8 ಗಂಟೆ ತಿರುಗುವ 75 ವ್ಯಾಟ್‌ನ ಫ್ಯಾನಿನ ಬದಲು 30 ವ್ಯಾಟ್‌ನದನ್ನು ಬಳಸಿದರೆ ತಿಂಗಳಿಗೆ ಸುಮಾರು 10.8 ಯೂನಿಟ್ ಉಳಿಯುತ್ತದೆ.

ಪೂರ್ವನಿದರ್ಶನಗಳು

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯ ಜೈವಿಕ ಅನಿಲ ಸ್ಥಾವರವನ್ನು ನಿರ್ಮಿಸಿತು. ಮೊದಲ ಗುರಿ ಅಡುಗೆ ಅನಿಲವಾಗಿತ್ತು. ಎಲ್ಲ ಮನೆಗಳ ಅಡುಗೆಗೆ ಸಾಕಾಗುವಷ್ಟು ಸಗಣಿ ದೊರೆಯದ ಕಾರಣ, 1987ರಿಂದ ಅದೇ ಅನಿಲದಿಂದ ವಿದ್ಯುತ್ ಉತ್ಪಾದಿಸಿ ಕುಡಿಯುವ ನೀರು ಮತ್ತು ದೀಪಕ್ಕೆ ಬಳಸಲಾಯಿತು. ಇದು ವಸತಿ ನವೀಕರಣವಲ್ಲದಿದ್ದರೂ, ಊರಿನ ಅಗತ್ಯಕ್ಕೆ ತಕ್ಕಂತೆ ಇಂಧನ ಯೋಜನೆ ಬದಲಾಗಬೇಕೆಂಬುದಕ್ಕೆ ನಿದರ್ಶನ.

ಬೆಂಗಳೂರಿನ ಈಜಿಪುರದ ಅನುಭವ ಇದಕ್ಕೆ ವಿರುದ್ಧವಾದುದು. ಆರ್ಥಿಕವಾಗಿ ದುರ್ಬಲ ವರ್ಗದವರ ಆ ವಸತಿ ಸಮುಚ್ಚಯದಲ್ಲಿ 2007ರಲ್ಲಿ ಕಟ್ಟಡವೊಂದು ಕುಸಿಯಿತು. ಜನವರಿ 2013ರಲ್ಲಿ ಅಲ್ಲಿ ಶೆಡ್ಡುಗಳಲ್ಲಿ ವಾಸವಾಗಿದ್ದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ತೆರವುಗೊಳಿಸಲಾಯಿತು.

ಫ್ರಾನ್ಸಿನ ಬೋರ್ಡೊ ನಗರದ ಗ್ರಾಂ ಪಾರ್ಕ್‌ನಲ್ಲಿ 530 ಸಾರ್ವಜನಿಕ ಮನೆಗಳನ್ನು ನಿವಾಸಿಗಳು ಅಲ್ಲಿಯೇ ಇರುವಾಗಲೇ ನವೀಕರಿಸಲಾಯಿತು. ಹೊರಗೋಡೆಗೆ ಸೇರಿಸಿದ ಗಾಜಿನ ಮೊಗಸಾಲೆಗಳು ಬೆಳಕನ್ನು ಹೆಚ್ಚಿಸಿ, ಚಳಿಗಾಲದ ಇಂಧನ ವೆಚ್ಚವನ್ನು ತಗ್ಗಿಸುವಂತೆ ರೂಪುಗೊಂಡಿವೆ. ಈ ಕೆಲಸಕ್ಕೆ 2019ರಲ್ಲಿ ಯುರೋಪಿನ ಮೀಸ್ ವಾನ್ ಡೆರ್ ರೋಹೆ ಪ್ರಶಸ್ತಿ ದೊರೆಯಿತು.

ಮಿತಿಗಳು

ರಾಜ್ಯದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ, ಗರಿಷ್ಠ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ. ಬಿಲ್ಲೇ ಶೂನ್ಯವಾಗಿರುವ ಮನೆಗೆ ಉಳಿತಾಯದ ಮಾತು ಆಕರ್ಷಕವೆನಿಸದು. ಅಂತಹ ಕಡೆ ನವೀಕರಣದ ಲಾಭ ತಂಪಾದ ಕೋಣೆ, ಒಣಗಿದ ಗೋಡೆ ಮತ್ತು ಹೊಗೆಯಿಲ್ಲದ ಅಡುಗೆಮನೆಯ ರೂಪದಲ್ಲಿ ದೊರೆಯುತ್ತದೆ. ದಿನಗೂಲಿಯವರು ಹಗಲಿನ ಸಭೆಗೆ ಬರಲಾಗದಿರುವುದು, ಹಕ್ಕುಪತ್ರದ ಗೊಂದಲ, ಬಾಡಿಗೆದಾರರಿಗೆ ಮಾತಿಲ್ಲದಿರುವುದು ಇತರ ತೊಡಕುಗಳು. ಸಭೆಯ ಸಮಯ ಮತ್ತು ಸದಸ್ಯತ್ವದ ನಿಯಮ ಇವರನ್ನು ಒಳಗೊಳ್ಳದಿದ್ದರೆ, ಮನೆಯ ಕಷ್ಟವನ್ನು ಹೆಚ್ಚು ಅನುಭವಿಸುವವರೇ ನಿರ್ಧಾರದಿಂದ ಹೊರಗುಳಿಯುತ್ತಾರೆ.