ವಿಪತ್ತು ನಿರ್ವಹಣೆಗೆ ವೈದ್ಯಕೀಯ ಸಿಬ್ಬಂದಿಯ ಏಕರೂಪ ತರಬೇತಿ: ಗಡಿನಾಡ ಕನ್ನಡ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಭೂಕಂಪ, ಭೂಕುಸಿತ, ಸ್ಫೋಟ, ಬಸ್ಸು ಅಥವಾ ರೈಲು ಅಪಘಾತದಂತಹ ಸಂದರ್ಭಗಳಲ್ಲಿ ಒಮ್ಮೆಲೇ ಬಹುಸಂಖ್ಯೆಯ ಗಾಯಾಳುಗಳನ್ನು ಉಪಚರಿಸಬೇಕಾಗುತ್ತದೆ. ಆಗ ವೈದ್ಯರು, ದಾದಿಯರು, ಆಂಬುಲೆನ್ಸ್ ಸಿಬ್ಬಂದಿ ಎಲ್ಲರೂ ಒಂದೇ ಕ್ರಮದಲ್ಲಿ, ಒಂದೇ ಪರಿಭಾಷೆಯಲ್ಲಿ ಕೆಲಸ ಮಾಡುವಂತೆ ಮುಂಚಿತವಾಗಿ ನೀಡುವ ಶಿಕ್ಷಣವೇ ಏಕರೂಪ ವಿಪತ್ತು ನಿರ್ವಹಣಾ ತರಬೇತಿ. ಗಡಿನಾಡಿನಲ್ಲಿ ನೆಲೆಸಿರುವ ನಮಗೆ ಈ ವಿಷಯ ಬಹಳ ಹತ್ತಿರದ್ದು. 2024ರ ಅಕ್ಟೋಬರ್ 28ರ ರಾತ್ರಿ ಕಾಸರಗೋಡು ಜಿಲ್ಲೆಯ ನೀಲೇಶ್ವರದ ಬಳಿ ದೇವಸ್ಥಾನವೊಂದರ ಉತ್ಸವದಲ್ಲಿ ಪಟಾಕಿ ದಾಸ್ತಾನು ಸಿಡಿದು 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅವರನ್ನು ಹೊಸದುರ್ಗ, ಕಣ್ಣೂರು ಮಾತ್ರವಲ್ಲದೆ ರಾಜ್ಯದ ಗಡಿಯಾಚೆ ಮಂಗಳೂರಿನ ಆಸ್ಪತ್ರೆಗಳಿಗೂ ಸಾಗಿಸಲಾಯಿತು. ಹೀಗೆ ಗಾಯಾಳು ಗಡಿ ದಾಟುವಾಗ ಚಿಕಿತ್ಸೆಯ ಭಾಷೆಯೂ ಬದಲಾಗುತ್ತದೆ.

ಏಕರೂಪತೆ ಏಕೆ?

ಸಾಮಾನ್ಯ ದಿನಗಳಲ್ಲಿ ವೈದ್ಯರು ಒಬ್ಬ ರೋಗಿಗೆ ಬೇಕಾದಷ್ಟು ಸಮಯ ನೀಡಬಲ್ಲರು. ವಿಪತ್ತಿನಲ್ಲಿ ಗಾಯಾಳುಗಳ ಸಂಖ್ಯೆ ಸಿಬ್ಬಂದಿಯ ಸಂಖ್ಯೆಯನ್ನು ಮೀರುತ್ತದೆ. ಲಭ್ಯವಿರುವ ಸೌಲಭ್ಯದಲ್ಲಿ ಹೆಚ್ಚು ಜೀವಗಳನ್ನು ಉಳಿಸುವುದೇ ಗುರಿಯಾಗುತ್ತದೆ. ಅದಕ್ಕಾಗಿ ಗಾಯದ ತೀವ್ರತೆಗೆ ಅನುಗುಣವಾಗಿ ಗಾಯಾಳುಗಳನ್ನು ವಿಂಗಡಿಸಬೇಕು. ಈ ವಿಂಗಡಣೆಗೆ ವೈದ್ಯಕೀಯದಲ್ಲಿ ‘ಟ್ರಯಾಜ್’ ಎಂಬ ಹೆಸರಿದೆ. ಅಪಘಾತದ ಸ್ಥಳದಲ್ಲಿ ಒಬ್ಬರು ಕಟ್ಟಿದ ಕೆಂಪು ಪಟ್ಟಿಗೆ ಐವತ್ತು ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿಯೂ ಅದೇ ಅರ್ಥವಿರಬೇಕಾದರೆ ಎಲ್ಲರೂ ಒಂದೇ ಪಾಠ ಕಲಿತಿರಬೇಕು.

ಏಷ್ಯಾದ ದೇಶಗಳಲ್ಲಿ 1998ರಲ್ಲಿ ಆರಂಭವಾದ ‘ಪೀರ್’ ಎಂಬ ತುರ್ತು ಸ್ಪಂದನ ಕಾರ್ಯಕ್ರಮವು ಇಂತಹ ಪ್ರಯತ್ನಗಳಲ್ಲಿ ಪ್ರಮುಖವಾದುದು. ಭಾರತವೂ ಅದರಲ್ಲಿ ಪಾಲ್ಗೊಂಡಿತು. ಆಸ್ಪತ್ರೆಗಳ ಸಿಬ್ಬಂದಿಗಾಗಿ ರೂಪಿಸಿದ ‘ಹೋಪ್’ ತರಬೇತಿ ಅದರ ಒಂದು ಭಾಗ. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ವೈದ್ಯಕೀಯ ಸನ್ನದ್ಧತೆ ಮತ್ತು ಸಾಮೂಹಿಕ ಗಾಯಾಳುಗಳ ನಿರ್ವಹಣೆಯ ಕುರಿತು 2007ರಲ್ಲಿ ಮಾರ್ಗಸೂಚಿಯನ್ನು ಪ್ರಕಟಿಸಿದೆ.

ವಿಂಗಡಣೆಯ ಕ್ರಮ

ಅನೇಕ ದೇಶಗಳ ತರಬೇತಿಗಳಲ್ಲಿ ಕಲಿಸುವ ‘ಸ್ಟಾರ್ಟ್’ ಎಂಬ ಕ್ರಮವು 1983ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡಿತು. ಒಬ್ಬ ಗಾಯಾಳುವಿನ ಪರೀಕ್ಷೆಯನ್ನು ಒಂದು ನಿಮಿಷದೊಳಗೆ ಮುಗಿಸುವುದು ಅದರ ಉದ್ದೇಶ.

ಮೊದಲು, ನಡೆಯಬಲ್ಲವರೆಲ್ಲರೂ ಗೊತ್ತುಪಡಿಸಿದ ಸ್ಥಳಕ್ಕೆ ಬರಬೇಕೆಂದು ಕೂಗಿ ಹೇಳಲಾಗುತ್ತದೆ. ಹಾಗೆ ನಡೆದು ಬಂದವರಿಗೆ ಹಸಿರು ಪಟ್ಟಿ.

ಎರಡನೆಯದಾಗಿ, ಉಳಿದವರ ಉಸಿರಾಟವನ್ನು ನೋಡಲಾಗುತ್ತದೆ. ಉಸಿರಿಲ್ಲದಿದ್ದರೆ ಶ್ವಾಸಮಾರ್ಗವನ್ನು ತೆರೆಯುತ್ತಾರೆ. ಆಗಲೂ ಉಸಿರು ಬಾರದಿದ್ದರೆ ಕಪ್ಪು ಪಟ್ಟಿ; ಬಂದರೆ ಕೆಂಪು. ನಿಮಿಷಕ್ಕೆ 30ಕ್ಕಿಂತ ಹೆಚ್ಚು ಬಾರಿ ಉಸಿರಾಡುವವರಿಗೂ ಕೆಂಪು.

ಮೂರನೆಯದಾಗಿ, ರಕ್ತಸಂಚಾರದ ಪರೀಕ್ಷೆ. ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ, ಅಥವಾ ಒತ್ತಿ ಬಿಟ್ಟ ಉಗುರಿಗೆ ರಕ್ತದ ಬಣ್ಣ ಮರಳಲು 2 ಸೆಕೆಂಡಿಗಿಂತ ಹೆಚ್ಚು ಕಾಲ ಹಿಡಿದರೆ ಕೆಂಪು.

ಕೊನೆಯದಾಗಿ, ಪ್ರಜ್ಞೆಯ ಪರೀಕ್ಷೆ. ಕಣ್ಣು ಮುಚ್ಚಿ ತೆರೆಯುವಂತೆ ಅಥವಾ ಕೈಯನ್ನು ಬಿಗಿಯಾಗಿ ಹಿಡಿಯುವಂತೆ ಸರಳ ಸೂಚನೆ ನೀಡುತ್ತಾರೆ. ಪಾಲಿಸಿದವರಿಗೆ ಹಳದಿ, ಪಾಲಿಸಲಾಗದವರಿಗೆ ಕೆಂಪು.

ಕೆಂಪು ಎಂದರೆ ತಕ್ಷಣದ ಚಿಕಿತ್ಸೆ, ಹಳದಿ ಎಂದರೆ ಸ್ವಲ್ಪ ಕಾಯಬಲ್ಲವರು, ಹಸಿರು ಎಂದರೆ ಅಲ್ಪ ಗಾಯ, ಕಪ್ಪು ಎಂದರೆ ಮೃತಪಟ್ಟವರು ಅಥವಾ ಬದುಕುವ ಸಾಧ್ಯತೆ ಇಲ್ಲದವರು.

ಭಾಷೆಯ ಪಾತ್ರ

ಉಸಿರು ಮತ್ತು ನಾಡಿಯ ಪರೀಕ್ಷೆಗೆ ಮಾತು ಬೇಕಿಲ್ಲ. ಆದರೆ ಮೊದಲನೆಯ ಮತ್ತು ಕೊನೆಯ ಹಂತಗಳೆರಡೂ ಮಾತಿನ ಮೇಲೆಯೇ ನಿಂತಿವೆ. ಕನ್ನಡವೊಂದನ್ನೇ ಬಲ್ಲ ವೃದ್ಧೆಯೊಬ್ಬರಿಗೆ ಮಲಯಾಳದಲ್ಲಿ ಅಥವಾ ತಮಿಳಿನಲ್ಲಿ ಸೂಚನೆ ನೀಡಿದಾಗ ಅವರು ಸುಮ್ಮನಿದ್ದರೆ, ಅದು ಪ್ರಜ್ಞೆಯ ಕೊರತೆಯೆಂದು ದಾಖಲಾಗುವ ಸಂಭವವಿದೆ. ಹಳದಿಯಾಗಬೇಕಿದ್ದ ಪಟ್ಟಿ ಕೆಂಪಾದರೆ, ನಿಜವಾಗಿ ಕೆಂಪು ಪಟ್ಟಿಗೆ ಸೇರಿದ ಮತ್ತೊಬ್ಬರ ಸರದಿ ಹಿಂದೆ ಬೀಳುತ್ತದೆ. ಆ ಮತ್ತೊಬ್ಬರು ಯಾವ ಭಾಷೆಯವರೂ ಆಗಿರಬಹುದು. ಮಂಗಳೂರಿಗೆ ಬರುವ ಮಲಯಾಳ ಭಾಷಿಕ, ಬೆಂಗಳೂರಿಗೆ ಬರುವ ತಮಿಳು ಭಾಷಿಕ ಗಾಯಾಳುವಿಗೂ ಇದೇ ತೊಂದರೆ ಎದುರಾಗಬಹುದು. ಆದುದರಿಂದ ಸೂಚನೆಗಳು ಸ್ಥಳೀಯ ಭಾಷೆಗಳೆಲ್ಲದರಲ್ಲಿಯೂ ಇರಬೇಕೆಂಬ ನಮ್ಮ ಬೇಡಿಕೆಯು ಎಲ್ಲ ಗಾಯಾಳುಗಳ ಹಿತಕ್ಕೆ ಸಂಬಂಧಿಸಿದ್ದು.

ಹಾಗೆ ಮಾಡಿದರೆ ತರಬೇತಿಯ ಏಕರೂಪತೆಗೆ ಧಕ್ಕೆಯಾಗದೇ ಎಂದು ಕೆಲವರು ಕೇಳಬಹುದು. ಇದಕ್ಕೆ ಮಕ್ಕಳ ವಿಂಗಡಣಾ ಕ್ರಮವೇ ಉತ್ತರ. ಎಳೆಯ ಮಕ್ಕಳು ಸೂಚನೆಯನ್ನು ಪಾಲಿಸಲಾರರೆಂದು 1995ರಲ್ಲಿ ‘ಜಂಪ್‌ಸ್ಟಾರ್ಟ್’ ಎಂಬ ಪ್ರತ್ಯೇಕ ಕ್ರಮ ರೂಪುಗೊಂಡಿತು. ಅದರಲ್ಲಿ ಸೂಚನೆ ಪಾಲನೆಯ ಬದಲಿಗೆ ಮಗು ಎಚ್ಚರವಿದೆಯೇ, ದನಿಗೆ ಅಥವಾ ನೋವಿಗೆ ಸ್ಪಂದಿಸುತ್ತದೆಯೇ ಎಂದು ನೋಡುತ್ತಾರೆ. ಉಸಿರಾಟದ ಮಿತಿಯೂ ಬೇರೆ. ಬಣ್ಣಗಳ ಅರ್ಥ ಮಾತ್ರ ಬದಲಾಗಿಲ್ಲ. ಮಕ್ಕಳಿಗಾಗಿ ಮಾಡಿದ ಹೊಂದಾಣಿಕೆಯನ್ನು ಭಾಷೆಗಾಗಿಯೂ ಮಾಡಬಹುದು.

ಕಾನೂನಿನ ನೆಲೆ

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇರುತ್ತದೆ. ಅಧಿಕಾರಿಗಳು, ನೌಕರರು ಹಾಗೂ ಸ್ವಯಂಸೇವಕರಿಗೆ ತರಬೇತಿಯನ್ನು ಏರ್ಪಡಿಸುವುದು ಅದರ ಕರ್ತವ್ಯಗಳಲ್ಲಿ ಒಂದು. ಅದೇ ಕಾಯ್ದೆಯ 61ನೇ ಕಲಮು ಪರಿಹಾರ ನೀಡುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮಗಳ ಆಧಾರದಲ್ಲಿ ತಾರತಮ್ಯ ಕೂಡದೆನ್ನುತ್ತದೆ. ಆ ಪಟ್ಟಿಯಲ್ಲಿ ಭಾಷೆಯ ಹೆಸರಿಲ್ಲ. ಆದುದರಿಂದ ನಾವು ಕೇಳದೆ ಈ ಸೌಲಭ್ಯ ತಾನಾಗಿ ಬರುವುದೆಂದು ನಿರೀಕ್ಷಿಸಲಾಗದು. ಕೇಳುವ ದಾರಿ ಸಂವಿಧಾನದಲ್ಲಿದೆ: 350ನೇ ವಿಧಿಯು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ನೀಡುತ್ತದೆ.

ನಾವು ಮಾಡಬಹುದಾದ ಕೆಲಸ

ರಕ್ಷಕ ಶಿಕ್ಷಕ ಸಂಘದ ಮೂಲಕ ಜಿಲ್ಲಾಧಿಕಾರಿಗಳಿಗೆ ಕನ್ನಡದಲ್ಲಿಯೇ ಮನವಿ ಸಲ್ಲಿಸಬಹುದು. ಅದರಲ್ಲಿ ಮೂರು ಬೇಡಿಕೆಗಳಿರಲಿ: ಆಂಬುಲೆನ್ಸ್ ಮತ್ತು ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಕನ್ನಡ ಸೂಚನೆಗಳ ಚೀಟಿ, ಅಣಕು ಕಾರ್ಯಾಚರಣೆಗಳಲ್ಲಿ ಕನ್ನಡ ಭಾಷಿಕ ‘ಗಾಯಾಳು’ಗಳ ಪಾತ್ರ, ತರಬೇತಿಯಲ್ಲಿ ಕನ್ನಡ ಬಲ್ಲ ಆಶಾ ಕಾರ್ಯಕರ್ತೆಯರಿಗೆ ಸ್ಥಾನ.

ಮನೆಯಲ್ಲಿ ಮಕ್ಕಳಿಗೆ ತಮ್ಮ ಹೆಸರು, ಊರು, ಪೋಷಕರ ದೂರವಾಣಿ ಸಂಖ್ಯೆ ಮತ್ತು ತಮಗೆ ಒಗ್ಗದ ಔಷಧದ ಹೆಸರನ್ನು ರಾಜ್ಯಭಾಷೆಯಲ್ಲಿಯೂ ಹೇಳಲು ಕಲಿಸೋಣ. ಹಿರಿಯರಿಗೆ ಕನಿಷ್ಠ ‘ನಡೆಯಲು ಆಗುತ್ತದೆಯೇ?’ ಎಂಬ ಒಂದು ಪ್ರಶ್ನೆಯಾದರೂ ತಿಳಿದಿರಲಿ. ಕೇರಳದಲ್ಲಿ ‘ನಡಕ್ಕಾನ್ ಪಟ್ಟುಮೋ?’, ತಮಿಳುನಾಡಿನಲ್ಲಿ ‘ನಡಕ್ಕ ಮುಡಿಯುಮಾ?’, ಮಹಾರಾಷ್ಟ್ರದಲ್ಲಿ ‘ಚಾಲತಾ ಯೇತೇ ಕಾ?’, ಆಂಧ್ರ ಮತ್ತು ತೆಲಂಗಾಣಗಳಲ್ಲಿ ‘ನಡವಗಲರಾ?’ ಎಂದು ಕೇಳುತ್ತಾರೆ. ಇದನ್ನು ಶಾಲೆಯ ಪ್ರಾರ್ಥನಾ ಸಭೆಯಲ್ಲಿ ಐದು ನಿಮಿಷಗಳಲ್ಲಿ ಕಲಿಸಬಹುದು. ಮಕ್ಕಳು ಅದನ್ನು ಮನೆಯ ಅಜ್ಜ ಅಜ್ಜಿಯರಿಗೆ ತಲುಪಿಸುತ್ತಾರೆ.